ಕಿವಿರು ನೋಡಿದ ಶುಕ್ರವಾರ

ಮೈಸೂರಿನವನಾದ ನನಗೆ ಮೀನಿನ ಬಗ್ಗೆ ಗೊತ್ತಿದ್ದದ್ದು ಒಂದೇ ಸಂಗತಿ, ಅದನ್ನೂ ಮಲ್ಪೆಯವಳಾದ ಹೆಂಡತಿ ಕಲಿಸಿದ್ದು. ಕೊಳ್ಳುವ ಮೊದಲು ಕಿವಿರು ಎತ್ತಿ ನೋಡಬೇಕು. ಕೆಂಪಗಿದ್ದರೆ ತಾಜಾ, ಇಲ್ಲದಿದ್ದರೆ ಮುಂದಿನ ಅಂಗಡಿ. ಕುವೈತಿನ ಮೀನು ಮಾರುಕಟ್ಟೆಯಲ್ಲಿ ಹನ್ನೊಂದು ವರ್ಷದಿಂದ ಕಿವಿರು ಎತ್ತುತ್ತಿದ್ದೇನೆ. ಈಗೀಗ ವ್ಯಾಪಾರಿಗಳು ನನ್ನನ್ನು ಕಂಡರೆ ತಾವೇ ಎತ್ತಿ ತೋರಿಸುತ್ತಾರೆ.

ಈ ವರ್ಷ ಮಾವ ಫಿಂಟಾಸಿನ ನಮ್ಮ ಫ್ಲ್ಯಾಟಿಗೆ ಒಂದು ತಿಂಗಳ ಮಟ್ಟಿಗೆ ಬಂದರು. ಬದುಕಿಡೀ ಮೀನುಗಾರಿಕೆ ದೋಣಿಯಲ್ಲಿ ದುಡಿದವರು. ನನ್ನ ಬ್ಯಾಂಕ್ ಕೆಲಸದ ಬಗ್ಗೆ ಅವರು ಕೇಳಿದ್ದು ಒಮ್ಮೆ ಮಾತ್ರ. "ದಿನ ಇಡೀ ಎಸಿಯಲ್ಲಿ ಕೂತ್ಕೊಳ್ಳುದಾ?" ಹೌದು ಎಂದಿದ್ದೆ. ಅಲ್ಲಿಗೆ ಆ ವಿಷಯ ಮುಗಿದಿತ್ತು. ಅವರು ಊರಿಗೆ ಹೊರಡುವುದರೊಳಗೆ ನಾನೇ ಹಿಡಿದ ಒಂದು ಮೀನು ಅವರ ತಟ್ಟೆಗೆ ಬೀಳಬೇಕೆಂದು ನನಗೆ ಹಟ ಹತ್ತಿತು. ಗಾಳದ ಕೋಲು ಕೊಂಡೆ.

ಮೂರು ಶುಕ್ರವಾರ ಬೆಳಿಗ್ಗೆ ಅವರನ್ನು ಕರೆದುಕೊಂಡು ಕಡಲತೀರಕ್ಕೆ ಹೋದೆ. ಮಾವ ಮಡಚುವ ಕುರ್ಚಿಯಲ್ಲಿ ಕೂತು ಸಮುದ್ರ ನೋಡುತ್ತಿದ್ದರು, ನನ್ನನ್ನಲ್ಲ. ನನಗೆ ಸಿಕ್ಕಿದ್ದು ಒಂದು ಏಡಿ. ಅದೂ ದಡ ಮುಟ್ಟುವ ಮೊದಲೇ ಬಿಟ್ಟುಹೋಯಿತು.

ನಾಲ್ಕನೆಯದು ಕೊನೆಯ ಶುಕ್ರವಾರ, ಮರುದಿನ ಅವರ ವಿಮಾನ. ಎಂದಿನ ಜಾಗದಲ್ಲಿ ಕಾರು ನಿಲ್ಲಿಸಿದೆ.

"ಯಾವಾಗ್ಲೂ ಇಲ್ಲೇ ಯಾಕೆ?" ಎಂದರು ಮಾವ.

"ಪಾರ್ಕಿಂಗ್ ಚೆನ್ನಾಗಿದೆ."

"ಮೀನಿಗೆ ಪಾರ್ಕಿಂಗ್ ಎಂತಕ್ಕೆ ಮಾರಾಯ್ರೆ? ಕಲ್ಲು ಬೇಕು." ದೂರದ ಬಂಡೆಸಾಲು ತೋರಿಸಿದರು. ನೀರು ಏರುವಾಗ ಕಲ್ಲಿನ ಸಂದಿಯ ಏಡಿ, ಸಿಗಡಿ ತಿನ್ನಲು ದೊಡ್ಡ ಮೀನು ಅಲ್ಲಿಗೆ ಬರುತ್ತದಂತೆ.

"ಮೊದಲೇ ಹೇಳಬಾರದಿತ್ತಾ ಮಾವ?"

"ನೀವು ಕೇಳ್ಳಿಲ್ಲ ಅಲ್ವಾ?"

ಕುರ್ಚಿ ಹೊತ್ತು ಅಲ್ಲಿಗೆ ನಡೆದೆವು. ಗಾಳಕ್ಕೆ ಸಿಗಡಿ ಚುಚ್ಚಿ ಬಂಡೆಯ ಬದಿಗೆ ಎಸೆದೆ. ಅರ್ಧ ಗಂಟೆಯಲ್ಲಿ ಕೋಲು ಬಾಗಿತು. ಮೇಲೆ ಬಂದದ್ದು ಸುಬೈಟಿ, ಇಲ್ಲಿನವರು ಅತಿಥಿಗಳು ಬಂದಾಗ ಅನ್ನದ ಮೇಲೆ ಇಡಿಯಾಗಿ ಬಡಿಸುವ ಬೆಳ್ಳಿ ಬಣ್ಣದ ಮೀನು. ಮೊಳದಷ್ಟು ಉದ್ದ. ಕೊಕ್ಕೆ ಬಿಡಿಸಿ ಎರಡೂ ಕೈಯಲ್ಲಿ ಹಿಡಿದೆ. ಮಾವ ಕುರ್ಚಿಯಿಂದ ಎದ್ದು ನಿಂತರು. ನನಗಾಗಿ ಅವರು ಎದ್ದದ್ದು ಅದೇ ಮೊದಲು.

ನಾನು ಒಂದು ಕೈ ಬಿಟ್ಟು ಅದರ ಕಿವಿರು ಎತ್ತಿ ನೋಡಿದೆ. ಕೆಂಪಗಿತ್ತು.

ಮೀನು ಒಮ್ಮೆ ಕೊಸರಿ, ಕಲ್ಲಿಗೆ ಬಡಿದು, ನೀರಿಗೆ ಹೋಯಿತು.

ಮಾವ ಸ್ವಲ್ಪ ಹೊತ್ತು ನೀರನ್ನು ನೋಡಿದರು, ಆಮೇಲೆ ನನ್ನನ್ನು.

"ತಾಜಾ ಇತ್ತಾ?"

"ಇತ್ತು ಮಾವ."

ಊಟಕ್ಕೆ ಮಾರುಕಟ್ಟೆಯಿಂದಲೇ ಮೀನು ತಂದೆವು. ನಾಚಿಕೆಯಿಂದ ನಾನು ಯಾವುದನ್ನೂ ಮುಟ್ಟಲಿಲ್ಲ, ಕಿವಿರನ್ನು ಮಾವನೇ ನೋಡಿದರು. ಮನೆಗೆ ಬಂದು ಮಲ್ಪೆಗೆ, ಅತ್ತೆಗೆ ಫೋನ್ ಮಾಡಿದರು. ನನಗೆ ತುಳು ಅಷ್ಟಕ್ಕಷ್ಟೆ, ಆದರೂ ಇಷ್ಟು ಅರ್ಥವಾಯಿತು: ಅಳಿಯ ಮೀನು ಹಿಡಿದರು, ನಾನೇ ಕಣ್ಣಾರೆ ನೋಡಿದೆ. ಆಮೇಲೆ ಅದು ಎಲ್ಲಿ ಹೋಯಿತೆಂದು ಅವರು ಹೇಳಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ನನಗೆ ಕಣ್ಣು ತುಂಬಿ ಬಂತು. ಮಾವ ಫೋನನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಅಗಲಿಸಿ ಅತ್ತೆಗೆ ಮೀನಿನ ಉದ್ದ ತೋರಿಸುತ್ತಿದ್ದರು. ಒಂದೂವರೆ ಮೊಳವಿತ್ತು. ಅದು ವಿಡಿಯೊ ಕಾಲ್ ಆಗಿರಲಿಲ್ಲ.