ನಿಂತ ಮೌಸು, ಹಾಲು ಕರೆಯುವ ಕೈ

ಕೋಲಾರದ ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಶ್ರದ್ಧಾಂಜಲಿ ಫ್ಲೆಕ್ಸ್ ಮಾಡುವವಳು ನಾನು. ದಿನವೆಲ್ಲ ಬಲಗೈ ಮೌಸಿನ ಮೇಲೆ. ಹೋದ ವರ್ಷ ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಜೋಮು ಹಿಡಿಯಿತು. ಅಕ್ಷರವನ್ನು ಒಂದು ಕಡೆ ಇಡಲು ಹೋದರೆ ಇನ್ನೊಂದು ಕಡೆ ಬೀಳುತ್ತಿತ್ತು.

ಡಾಕ್ಟರು "ಏನಮ್ಮ ಕೆಲಸ?" ಅಂದರು. "ಕಂಪ್ಯೂಟರ್ ಸಾರ್" ಅಂದೆ. ಮಾತ್ರೆ, ಮಣಿಕಟ್ಟಿಗೆ ಪಟ್ಟಿ ಬರೆದು, ಓರೆಯಾಗಿ ನಿಲ್ಲುವ ಮೌಸು ಬರುತ್ತದೆ, ತಗೊಳ್ಳಿ ಅಂದರು. ಆನ್‌ಲೈನಿನಲ್ಲಿ ತರಿಸಿದೆ. ಅದರ ಮೇಲೆ ಅಂಗೈ ಮಲಗಿಸುವ ಹಾಗಿಲ್ಲ, ಯಾರದೋ ಕೈ ಕುಲುಕುವ ಹಾಗೆ ಹಿಡಿಯಬೇಕು.

"ಏನಕ್ಕಾ, ಮೌಸಿಗೂ ಸೊಂಟ ಹಿಡ್ಕೊಂಡೈತಾ, ಹಿಂಗ್ ವಾಲೈತೆ?" ಎಂದು ಅಂಗಡಿಯ ಹುಡುಗಿಯರು ನಕ್ಕರು. ನಗಲಿ ಬಿಡು ಅಂದುಕೊಂಡೆ. ಸ್ವಲ್ಪ ದಿನಕ್ಕೆ ಕೈ ಒಗ್ಗಿತು, ಅಂಗಡಿಯಲ್ಲಿ ನೋವು ನಿಜವಾಗಿಯೂ ಇಳಿಯಿತು.

ಮನೆಯಲ್ಲಿ ಇಳಿಯಲಿಲ್ಲ. ವಕ್ಕಲೇರಿಯ ನಮ್ಮ ಮನೆಯಲ್ಲಿ ಒಂದು ಸೀಮೆಹಸು ಇತ್ತು, ಅದು ಕರುವಾಗಿದ್ದಾಗಲೇ ನಮ್ಮಮ್ಮ ತೀರಿಕೊಳ್ಳುವ ಮುಂಚೆ ನನಗೆಂದು ಕೊಟ್ಟದ್ದು. ಬೆಳಿಗ್ಗೆ ಡೈರಿಗೆ ಮುಂಚೆ, ಸಂಜೆ ಬಸ್ಸಿಳಿದ ಮೇಲೆ, ನಾನೇ ಹಾಲು ಕರೆಯಬೇಕು. ಅತ್ತೆ ಕೂತರೂ ಒದೆಯುತ್ತಿತ್ತು, ಗಂಡ ಕೂತರೂ ಒದೆಯುತ್ತಿತ್ತು. ಒಂದು ಬೆಳಿಗ್ಗೆ ನನ್ನ ಬೆರಳುಗಳು ಮಡಚಲೇ ಇಲ್ಲ.

ಮತ್ತೆ ಡಾಕ್ಟರ ಹತ್ತಿರ ಹೋದೆ.

"ಬೇರೆ ಏನಾದ್ರೂ ಕೆಲಸ ಮಾಡ್ತೀರೇನಮ್ಮ?"

"ಏನೂ ಇಲ್ಲ ಸಾರ್. ಹಸು ಹಾಲು ಕರೀತೀನಿ, ಅಷ್ಟೇ."

ಅವರು ನನ್ನ ಮುಖವನ್ನೇ ನೋಡಿದರು. "ಅದನ್ನ ಮೊದಲೇ ಹೇಳ್ಬಾರ್ದಾ?"

ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಸಂಬಳ ಬಂದರೆ ಕೆಲಸ. ಕೊಟ್ಟಿಗೆಯಲ್ಲಿ ಮಾಡುವುದನ್ನು ನಮ್ಮ ಕಡೆ ಯಾವ ಹೆಂಗಸು ಕೆಲಸ ಅನ್ನುತ್ತಾಳೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು. ಎರಡರಲ್ಲಿ ಒಂದನ್ನು ಬಿಡದಿದ್ದರೆ ಕೈಯಲ್ಲಿ ಹಿಡಿತವೇ ಉಳಿಯುವುದಿಲ್ಲ ಅಂದರು ಡಾಕ್ಟರು.

ಕರೆಯುವ ಮಿಷನ್ ತರೋಣವೇ ಎಂದು ಅತ್ತೆಯನ್ನು ಕೇಳಿದೆ. "ಒಂದ್ ಹಸುಗೆ ಮಿಷನ್ ಯಾರ್ ತರ್ತಾರಮ್ಮಾ? ನಿನ್ ಸಂಬಳ ಬಿಟ್ರೆ ಮನೆ ನಡೀತೈತಾ?" ಅಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಜಗಳವಾಡಲೂ ದಾರಿಯಿಲ್ಲದೆ ನನಗೆ ಅಳು ಬಂತು.

ಹಸು ಮಾರುವುದೆಂದಾಯಿತು. ಕೊಂಡ ಗೌನಿಪಲ್ಲಿ ಕಡೆಯವರು ಟೆಂಪೋ ತಂದರು. ಹಸು ಕಾಲೂರಿ ನಿಂತುಬಿಟ್ಟಿತು. ಮುಂದಿನಿಂದ ಎಳೆದರು, ಹಿಂದಿನಿಂದ ತಳ್ಳಿದರು, ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ನಾನೇ ಹೋಗಿ ಬೆನ್ನು ಸವರಿ, ಅಮ್ಮ ಅದಕ್ಕೆ ಹೇಳುತ್ತಿದ್ದ ತೆಲುಗಿನಲ್ಲೇ "ಪೋಮ್ಮಾ", ಹೋಗಮ್ಮಾ, ಅಂದೆ. ಸುಮ್ಮನೆ ಹತ್ತಿತು.

ಕೈ ಈಗ ಗುಣವಾಗಿದೆ. ಒಳ್ಳೇದಾಯಿತಲ್ಲ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.