ತಲೆ ಬಾಲ ಕೂಡಲಿಲ್ಲ

ಕಾನ್ವೆಂಟಿನ ಸಿಸ್ಟರ್ ನಮಗೆ ಕಲಿಸಿದ ಶಿಂಗಲ್ಸ್ ಅಂದರೆ ಛಾವಣಿಗೆ ಹೊದಿಸುವ ಮರದ ತುಂಡುಗಳು. ಎಪ್ಪತ್ತು ದಾಟಿದ ಮೇಲೆ ಅದೇ ಹೆಸರಿನ ಕಾಯಿಲೆ ನನ್ನ ಬಲಭುಜದ ಮೇಲೆ ಗುಳ್ಳೆಗಳಾಗಿ ಎದ್ದಿತು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಅದಕ್ಕೆ ನಾಗೀಣ್ ಎನ್ನುತ್ತಾರೆ, ನಮ್ಮ ಕಡೆ ಸರ್ಪಸುತ್ತು.

ಎದುರು ಮನೆಯ ಮರಾಠಿ ಹೆಂಗಸು ಕಾವಿಮಣ್ಣು ಕಲಸಿ ತಂದಳು. ಡಾಕ್ಟರರ ಮಾತ್ರೆ ನಡೆದಿದೆ, ಬೇಡ ಎಂದೆ. "ಹಾಗಾದರೆ ಕಾವಲಾದರೂ ಕಾಯುತ್ತೇನೆ" ಎಂದಳು. ಹಾವಿನ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲವಂತೆ. ದಿನಾ ಚಹಾ ಆದ ಮೇಲೆ ಬಂದು ನನ್ನ ತೋಳು ಸರಿಸಿ ನೋಡಿ, "ಅಜೂನ್ ಲಾಂಬ್ ಆಹೇ, ಆಜಿ" ಎನ್ನುತ್ತಿದ್ದಳು. ಇನ್ನೂ ದೂರ ಇದೆ ಎಂದು. ಸೊಸೆಯೂ ಇಣುಕುತ್ತಿದ್ದಳು. ನಾನೂ, ಇಷ್ಟು ಎಜುಕೇಟೆಡ್ ಆಗಿ, ಕನ್ನಡಿ ಹಿಡಿದು ನೋಡುತ್ತಿದ್ದೆ.

ಮೂರನೇ ವಾರ ಹಕ್ಕಳೆ ಉದುರಿತು. ತಲೆ ಬಾಲ ಕೂಡಲಿಲ್ಲ. ಮನೆಯಲ್ಲಿ ಸಿಹಿಗೆಂದು ಶಿರಾ ಮಾಡಿದರು. ಅಂದು, ಮೂರು ವಾರದ ಮೇಲೆ ಮೊದಲ ಸಲ, ತುರುಬು ಕಟ್ಟಲು ಬಲಗೈ ಎತ್ತಿದೆ. ಅದು ಎದೆಯವರೆಗೆ ಬಂದು ನಿಂತಿತು. ಎಲ್ಲರೂ ಹಾವನ್ನು ನೋಡುತ್ತಿದ್ದರು, ಕೈಯನ್ನು ಯಾರೂ ನೋಡಿರಲಿಲ್ಲ.

ಡಾಕ್ಟರ್ ಹೇಳಿದರು, "ಲಕ್ವಾ ಅಲ್ಲ. ವೈರಸ್ಸು ಸ್ನಾಯು ನಡೆಸುವ ನರಕ್ಕೂ ತಗುಲಿದೆ. ಬಹಳ ಜನರಿಗೆ ವಾಪಸ್ ಬರುತ್ತದೆ, ತಿಂಗಳುಗಟ್ಟಲೆ ಬೇಕು. ಗ್ಯಾರಂಟಿ ಕೊಡಲಾರೆ."

ಥಾಣೆಯ ಆಫೀಸಿಗೆ ಹೋಗುತ್ತಿದ್ದಷ್ಟು ವರ್ಷ, ಲೋಕಲ್ ಟ್ರೇನಿನ ನೂಕಾಟದಲ್ಲೂ ನನ್ನ ತುರುಬು ಬಿಚ್ಚಿರಲಿಲ್ಲ. ಈಗ ಸೊಸೆ ಬಾಚುವಾಗ ತಲೆ ಬಗ್ಗಿಸಿ ಕೂರಬೇಕು. ಅವಳಿಗೂ ಏಳು ಐವತ್ತರ ಟ್ರೇನು.

"ಅತ್ತಿ, ಬಾಯ್ ಕಟ್ ಮಾಡಿಸಿಬಿಡ್ರಿ. ಹಗುರ ಆಗ್ತದ."

"ಗಿವ್ ಮಿ ಟೈಮ್" ಎಂದೆ.

"ದೀಪಾವಳಿ ತನಕ. ಆಮ್ಯಾಲೆ ಪಾರ್ಲರ್."

ಫಿಸಿಯೋಥೆರಪಿಸ್ಟ್ ಹೇಳಿದ್ದು ಒಂದೇ ಕೆಲಸ: ಬೆರಳುಗಳಿಂದ ಗೋಡೆ ಹತ್ತಿಸುವುದು. ಬೆರಳು ನಿಂತಲ್ಲಿ ಮೊಮ್ಮಗಳು ಪೆನ್ಸಿಲ್ ಗೆರೆ ಎಳೆಯುತ್ತಿದ್ದಳು. ಕೆಲವು ವಾರ ಗೆರೆಯ ಮೇಲೆಯೇ ಗೆರೆ. ಪೇಂಟ್ ಮಾತ್ರ ಕೆಟ್ಟಿತು.

ದೀಪಾವಳಿಗೆ ನಾಲ್ಕು ದಿನವಿರುವಾಗ ಬಾಗಿಲು ಹಾಕಿಕೊಂಡು, ಎಡಗೈಯಿಂದ ಬಲಗೈಯನ್ನು ಎತ್ತಿ, ಅದರ ಮೊಣಕೈಯನ್ನು ಕಪಾಟಿಗೆ ಊರಿ ತುರುಬು ಕಟ್ಟಿದೆ. ನಾಲ್ಕು ಪಿನ್ನು ನೆಲಕ್ಕೆ ಬಿದ್ದವು, ಎರಡು ನಿಂತವು. ಹೊರಗೆ ಬಂದೆ.

ಮೊಮ್ಮಗಳು ಸುತ್ತ ಒಂದು ರೌಂಡ್ ಹಾಕಿದಳು. "ಅಜ್ಜಿ, ಯೇ ಅಂಬಾಡಾ ಹೈ ಯಾ ಬಟಾಟಾವಡಾ?" ತುರುಬೋ, ಆಲೂಗಡ್ಡೆ ವಡೆಯೋ ಎಂದು.

"ವಡಾನೇ ಇರಲಿ" ಎಂದೆ. "ನಾನ ಕಟ್ಟೇನಿ."

ಸೊಸೆ ಸರಿಮಾಡಲು ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಪಾರ್ಲರಿಗೆ ಫೋನ್ ಮಾಡಿ, ನನಗೆಂದು ಗೊತ್ತು ಮಾಡಿದ್ದ ಅಪಾಯಿಂಟ್‌ಮೆಂಟನ್ನು ತನ್ನ ಹೆಸರಿಗೆ ಬರೆಸಿ, ತಾನೇ ಹೋದಳು.