ವಾಸಣ್ಣನ ಬೀಳ್ಕೊಡುಗೆ ಪಂದ್ಯ

ಧೂಳು ಏಳಬಹುದಿತ್ತು. ಕೆಲಸಗಾರರ ಕ್ಯಾಂಪಿನಿಂದ ಹುಡುಗರನ್ನು ತರುವ ಬಸ್ಸು ದಾರಿ ತಪ್ಪಬಹುದಿತ್ತು. ಬಿರಿಯಾನಿ ಹಳಸಬಹುದಿತ್ತು, ವಾಸಣ್ಣ ಕಂಪೆನಿಯ ಧಣಿಗೆ ಎದುರುತ್ತರ ಕೊಡಬಹುದಿತ್ತು, ಯಾರಿಗಾದರೂ ಎದೆನೋವು ಬರಬಹುದಿತ್ತು, ಬಹುಶಃ ನನಗೇ. ಪಂದ್ಯದ ಉಸ್ತುವಾರಿ ನನ್ನದು. ಚಿಂತೆ ಮಾಡುವುದರಲ್ಲಿ ನಮ್ಮ ಕಂಪೆನಿಯಲ್ಲಿ ನನಗಿಂತ ಅನುಭವಸ್ಥರಿಲ್ಲ.

ವಾಸಣ್ಣ ಉಡುಪಿ ಕಡೆಯವರು. ವೀಸಾದಲ್ಲಿ ಹೆಲ್ಪರ್. ಆದರೆ ದುಬೈಯ ಜೆಬೆಲ್ ಅಲಿಯ ನಮ್ಮ ಗೋಡೌನಿನಲ್ಲಿ ಬಹುಕಾಲ ಒಂದು ಪೆಟ್ಟಿಗೆಯನ್ನೂ ಎತ್ತಿದವರಲ್ಲ. ಸಂಬಳ ಕಂಪೆನಿಗಾಗಿ ಆಡಲಿಕ್ಕೆ: ಶನಿವಾರ ಫುಟ್‌ಬಾಲ್, ಭಾನುವಾರ ಕ್ರಿಕೆಟ್. "ಮೊಣಕಾಲು ಫುಟ್‌ಬಾಲಿಗೆ ಬರೆದುಕೊಟ್ಟಾಯ್ತು, ಭುಜ ಕ್ರಿಕೆಟಿಗೆ. ನನ್ನದು ಅಂತ ಉಳಿದದ್ದು ಬಾಯಿ ಒಂದೇ ಮಾರಾಯ್ರೇ" ಅನ್ನುತ್ತಿದ್ದರು. ನಾನು ಕಣ್ಣು ಮುಚ್ಚಿ ಬ್ಯಾಟ್ ಬೀಸಿದರೆ, "ಭಟ್ರೇ, ಅದು ಚೆಂಡು, ನೊಣ ಅಲ್ಲ!" ಎಂದು ಇಡೀ ಮೈದಾನಕ್ಕೆ ಸಾರುವರು.

ಒಂದು ಶನಿವಾರ ಫೈನಲಿನಲ್ಲಿ ಅವರ ಮೊಣಕಾಲು ತಿರುಚಿ ಬನ್ಸಿನ ಹಾಗೆ ಉಬ್ಬಿತು. ಮರುದಿನ ಕ್ರಿಕೆಟ್ ಫೈನಲ್. ಧಣಿ ಬಂದು ನೋಡಿ, "ಇನ್ನೊಂದು ಕಾಲು ಉಂಟಲ್ಲ? ಯಲ್ಲಾ, ಬೇಗ ಪಟ್ಟಿ ಕಟ್ಟಿ ಇಳಿಸಿ" ಅಂದರು. ವಾಸಣ್ಣ ಇಳಿದರು, ಗೆಲ್ಲಿಸಿದರು. ಟ್ರೋಫಿ ಧಣಿಯ ಕ್ಯಾಬಿನ್ನಿಗೆ ಹೋಯಿತು, ವಾಸಣ್ಣ ಗೋಡೌನಿಗೆ. ವೀಸಾದಲ್ಲಿ ಹೆಲ್ಪರ್ ಅಂತಲೇ ಇತ್ತಲ್ಲ! ಕುಂಟುತ್ತ ಪೆಟ್ಟಿಗೆ ಹೊರುವುದೂ ಆಗದೆ ಹೋದಾಗ ವೀಸಾ ಕ್ಯಾನ್ಸಲ್ ಮಾಡುವ ಮಾತು ಬಂತು, ಜೊತೆಗೆ ಈ ಬೀಳ್ಕೊಡುಗೆ ಕ್ರಿಕೆಟ್ ಪಂದ್ಯ. "ಪಂದ್ಯ ಚಂದ ಆಗ್ಲಿ ವಾಸು, ಕೋಚ್ ಅಂತ ಇಟ್ಕೊಳ್ಲಿಕ್ಕೆ ಆಗ್ತದಾ ನೋಡುವ" ಎಂದು ಧಣಿ ತೇಲಿಸಿದರು. ಊರಿನಲ್ಲಿ ಮಗಳ ನರ್ಸಿಂಗ್ ಇನ್ನೂ ಮುಗಿದಿರಲಿಲ್ಲ. ವಾಸಣ್ಣ ಆ ಮಾತಿಗೆ ಜೋತುಬಿದ್ದರು.

ಆ ದಿನ ಧೂಳೇಳಲಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬಂತು, ಬಿರಿಯಾನಿ ಬಿಸಿಯಾಗಿತ್ತು. ಹೊಸ ಬಿಳಿ ಪ್ಯಾಂಟು ತೊಟ್ಟು ಬಂದ ಧಣಿಗೆ ತಾವೂ ಆಡಬೇಕೆನಿಸಿತು. ಯಾರನ್ನು ಬಿಡುವುದು? "ವಾಸು ಅಂಪೈರ್ ಆಗ್ಲಿ. ಪಾಪ, ಅವನಿಗೆ ಓಡ್ಲಿಕ್ಕೆ ಆಗುದಿಲ್ಲ." ಬೀಳ್ಕೊಡುಗೆ ಯಾರಿಗೆ ಎಂದು ಯಾರೂ ಕೇಳಲಿಲ್ಲ. ಬಿಳಿ ಕೋಟು ನಾನೇ ಹುಡುಕಿ ತಂದೆ. ತರದಿದ್ದರೆ ಏನಾಗುವುದೋ ಎಂಬ ಚಿಂತೆ.

ಮೊದಲ ಚೆಂಡಿಗೇ ಧಣಿಯ ನಡುವಿನ ಸ್ಟಂಪ್ ಹಾರಿತು. ಹುಡುಗರು ಹೋ ಎಂದು ಕೂಗಿ, ತಕ್ಷಣ ಹೆದರಿ ಸುಮ್ಮನಾದರು. ಧಣಿ ಸ್ಟಂಪಿನ ಕಡೆ ನೋಡಲಿಲ್ಲ, ವಾಸಣ್ಣನ ಕಡೆ ನೋಡಿದರು. ವಾಸಣ್ಣ ಮೆಲ್ಲಗೆ ಪಕ್ಕಕ್ಕೆ ಕೈ ಚಾಚಿದರು.

"ನೋ ಬಾಲ್."

ಕೋಚಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಮರುವಾರ ಏರ್‌ಪೋರ್ಟಿನಲ್ಲಿ, ನಾನು ಕೇಳದಿದ್ದರೂ, ಊರಿಗೆ ಹೊರಟ ವಾಸಣ್ಣ "ಬೌಲರನ ಕಾಲು ಗೆರೆ ದಾಟಿತ್ತು ಭಟ್ರೇ" ಅಂದರು. ಹೌದು ಅಂದೆ.

ಕಾಲು ಗೆರೆಗಿಂತ ಒಂದು ಗೇಣು ಹಿಂದಿತ್ತು.